ವಾಹನ ಪ್ರಶ್ನೋತ್ತರ: ಹಿಂಚಕ್ರ ಸುಡುತ್ತಿದ್ದರೆ ಮೊದಲು ಏನನ್ನು ಸಡಿಲಿಸಬೇಕು?

ಪ್ರಶ್ನೆ: ನಮ್ಮದು 2006ರ ಮಾರುತಿ ಆಲ್ಟೊ. 92 ಸಾವಿರ ಕಿ.ಮೀ. ಓಡಿದೆ. ಹದಿನೈದು ಕಿ.ಮೀ. ಹೋಗಿ ನಿಲ್ಲಿಸಿದರೆ ಹಿಂದಿನ ಎಡ ಚಕ್ರದ ಬಳಿ ಸುಟ್ಟ ವಾಸನೆ, ರಿಮ್ ಮುಟ್ಟಲಾಗದಷ್ಟು ಬಿಸಿ. ಬಲ ಚಕ್ರಕ್ಕೆ ಏನೂ ಇಲ್ಲ. ಹ್ಯಾಂಡ್‌ಬ್ರೇಕ್ ಹಿಡಿಯುವುದಿಲ್ಲವೆಂದು ಕಳೆದ ವರ್ಷ ಎರಡು ಸಲ ಕೇಬಲ್ ಬಿಗಿ ಮಾಡಿಸಿದ್ದೆವು. ಎರಡು ತಿಂಗಳ ಹಿಂದೆ ಹಿಂದಿನ ಎರಡೂ ಚಕ್ರಕ್ಕೆ ಹೊಸ ಬ್ರೇಕ್ ಶೂ ಹಾಕಿಸಿದೆವು. ಈಗ ಗ್ಯಾರೇಜಿನವರು ಮಾಸ್ಟರ್ ಸಿಲಿಂಡರ್, ಎರಡೂ ವೀಲ್ ಸಿಲಿಂಡರ್, ಶೂ ಎಲ್ಲ ಬದಲಿಸಿಬಿಡೋಣ ಎನ್ನುತ್ತಾರೆ. ಒಪ್ಪಬಹುದೇ?
ಓದುಗರು, ಸಾಗರ

ಉತ್ತರ: ಈಗಲೇ ಒಪ್ಪಬೇಡಿ. ಪೆಡಲ್ ತುಳಿದಾಗ ನಾಲ್ಕೂ ಚಕ್ರಕ್ಕೆ ಒತ್ತಡ ಕಳಿಸುವ ಮಾಸ್ಟರ್ ಸಿಲಿಂಡರನ್ನಂತೂ ಪಟ್ಟಿಯಿಂದ ಸದ್ಯಕ್ಕೆ ತೆಗೆದುಬಿಡಿ. ನಿಮ್ಮದರಂಥ ಮುಂಚಕ್ರ ಚಾಲನೆಯ ಕಾರುಗಳಲ್ಲಿ ಬ್ರೇಕಿನ ಪೈಪುಗಳನ್ನು ಸಾಮಾನ್ಯವಾಗಿ ಓರೆಯಾಗಿ ಹಂಚಿರುತ್ತಾರೆ: ಹಿಂದಿನ ಎಡ ಚಕ್ರಕ್ಕೆ ಮುಂದಿನ ಬಲ ಚಕ್ರ ಜೋಡಿ. ಮಾಸ್ಟರ್ ಸಿಲಿಂಡರಿನಲ್ಲಿ ಒತ್ತಡ ಸಿಕ್ಕಿಕೊಂಡರೆ ಈ ಎರಡೂ ಬಿಸಿಯಾಗಬೇಕು. ಮುಂದಿನ ಬಲ ಚಕ್ರ ಎಂದಿನಂತೆಯೇ ಇದೆ ಎಂದಾದರೆ ತೊಂದರೆ ಇರುವುದು ಹಿಂದಿನ ಎಡ ಚಕ್ರದ ಆಸುಪಾಸಿನಲ್ಲೇ.

ನೀವು ಬರೆದುದರಲ್ಲಿ ನಮ್ಮ ಕಣ್ಣು ಹೋಗಿದ್ದು ‘ಎರಡು ಸಲ ಕೇಬಲ್ ಬಿಗಿ ಮಾಡಿಸಿದ್ದೆವು’ ಎಂಬ ಮಾತಿಗೆ. ಚಕ್ರದ ಜೊತೆ ತಿರುಗುವ ಡ್ರಮ್ಮಿಗೆ ಒಳಗಿನಿಂದ ಒತ್ತಿ ನಿಲ್ಲಿಸುವುದು ಶೂ, ಉಜ್ಜಿ ಸವೆಯುವುದು ಅದರ ಮೇಲಿನ ಲೈನಿಂಗ್. ಶೂ ಸವೆದಾಗ ಹ್ಯಾಂಡ್‌ಬ್ರೇಕ್ ಲಿವರ್ ಮೇಲೆ ಮೇಲೆ ಬರುತ್ತದೆ. ಡ್ರಮ್ ಬಿಚ್ಚುವ ಕಷ್ಟಕ್ಕಿಂತ ಲಿವರ್ ಬುಡದ ನಟ್ ಎರಡು ಸುತ್ತು ತಿರುಗಿಸುವುದು ಸುಲಭ. ನಮ್ಮ ಗ್ಯಾರೇಜುಗಳಲ್ಲಿ ನಡೆಯುವುದು ಅದೇ. ಆದರೆ ಆಮೇಲೆ ದಪ್ಪ ಲೈನಿಂಗಿನ ಹೊಸ ಶೂ ಹಾಕುವಾಗ ಆ ನಟ್ಟನ್ನು ಮತ್ತೆ ಸಡಿಲಿಸಬೇಕು. ಅದನ್ನು ಮರೆತರೆ ಡ್ರಮ್ಮಿನೊಳಗೆ ಶೂಗೆ ತಗಲಿಕೊಂಡಿರುವ ಹ್ಯಾಂಡ್‌ಬ್ರೇಕ್ ಲಿವರ್ ತನ್ನ ತಡೆಗೆ ಹೋಗಿ ಕೂರುವುದೇ ಇಲ್ಲ. ನೀವು ಕೈಯಲ್ಲಿ ಲಿವರನ್ನು ಪೂರ್ತಿ ಇಳಿಸಿದ್ದರೂ ಒಳಗೆ ಅರ್ಧ ಎಳೆದ ಸ್ಥಿತಿಯೇ. ಶೂ ಡ್ರಮ್ಮಿಗೆ ಸವರುತ್ತಲೇ ಇರುತ್ತದೆ. ಶೂ ಮತ್ತು ಡ್ರಮ್ಮಿನ ನಡುವಿನ ಅಂತರವನ್ನು ತಾನೇ ಹೊಂದಿಸಬೇಕಾದ ಅಡ್ಜಸ್ಟರ್ ಕೂಡ ಕೆಲಸ ಬಿಟ್ಟು ಕೂರುತ್ತದೆ, ಏಕೆಂದರೆ ಅದು ಅಳತೆ ಹಿಡಿಯುವುದೇ ಆ ಒಳಲಿವರ್ ತನ್ನ ಜಾಗದಲ್ಲಿದೆ ಎಂಬ ನಂಬಿಕೆಯ ಮೇಲೆ.

ಹಾಗಾದರೆ ಬಲ ಚಕ್ರ ಯಾಕೆ ಬಿಸಿಯಾಗಿಲ್ಲ? ಎರಡೂ ಕಡೆಯ ಕೇಬಲ್ ಒಂದೇ ನಟ್ಟಿಗೆ ಬಂದು ಸೇರಿದರೂ ಎರಡೂ ಒಂದೇ ರೀತಿ ಹಿಂದೆ ಸರಿಯುವುದಿಲ್ಲ. ಮಲೆನಾಡಿನ ಮಳೆಯಲ್ಲಿ ಕೇಬಲಿನ ಹೊರಕವಚ ಒಂದು ಕಡೆ ಬಿರಿದು ಒಳಗೆ ನೀರು ಇಳಿದಿದ್ದರೆ ಆ ಕಡೆಯ ತಂತಿ ತುಕ್ಕು ಹಿಡಿದು ಸಿಕ್ಕಿಕೊಳ್ಳುತ್ತದೆ. ಎಳೆದಾಗ ಬರುತ್ತದೆ, ಬಿಟ್ಟಾಗ ಹೋಗುವುದಿಲ್ಲ. ಎಳೆಯುವುದಕ್ಕೆ ನಿಮ್ಮ ತೋಳಿನ ಬಲವಿದೆ. ವಾಪಸ್ ಒಯ್ಯಲು ಇರುವುದು ಒಂದು ಪುಟ್ಟ ಸ್ಪ್ರಿಂಗ್ ಮಾತ್ರ.

ಇದು ಅನುಮಾನ. ಖಚಿತ ಮಾಡಿಕೊಳ್ಳಲು ಬಿಡಿಭಾಗ ಕೊಳ್ಳಬೇಕಿಲ್ಲ. ಅರ್ಧ ದಿನ ಬೇಕು, ಜೊತೆಗೊಬ್ಬರು ಬೇಕು.

ಮೊದಲು ಸಮತಟ್ಟಾದ ರಸ್ತೆಯಲ್ಲಿ ಹತ್ತು ಹದಿನೈದು ಕಿ.ಮೀ. ಓಡಿಸಿ. ಆದಷ್ಟು ಬ್ರೇಕ್ ತುಳಿಯಬೇಡಿ. ಕೊನೆಯಲ್ಲಿ ಗೇರಿನಲ್ಲೇ ನಿಧಾನ ಮಾಡಿ ನಿಲ್ಲಿಸಿ. ನಾಲ್ಕೂ ಚಕ್ರದ ಬಿಸಿ ನೋಡಿ. ದೂರದಿಂದ ಬಿಸಿ ಅಳೆಯುವ ಇನ್‌ಫ್ರಾರೆಡ್ ಥರ್ಮಾಮೀಟರ್ ಸಿಕ್ಕರೆ ರಿಮ್ಮಿನ ಕಿಂಡಿಯಿಂದ ಡ್ರಮ್ಮಿನ ಮಾಸಲು ಭಾಗಕ್ಕೆ ಹಿಡಿಯಿರಿ. ಹೊಳೆಯುವ ಲೋಹಕ್ಕೆ ಹಿಡಿದರೆ ಅಂಕಿ ತಪ್ಪು ಬರುತ್ತದೆ. ಅದಿಲ್ಲದಿದ್ದರೆ ಬೆರಳ ತುದಿಯಿಂದ ಒಂದೇ ಒಂದು ಹನಿ ನೀರು ಚಿಮುಕಿಸಿ: ದೋಸೆ ಕಾವಲಿಯ ಮೇಲೆ ಬಿದ್ದಂತೆ ಚುಂಯ್ ಎಂದರೆ 100 ಡಿಗ್ರಿ ದಾಟಿದೆ. ಒಂದೇ ಹನಿ, ಚೊಂಬುಗಟ್ಟಲೆ ಅಲ್ಲ. ಕಾದ ಎರಕದ ಕಬ್ಬಿಣದ ಮೇಲೆ ನೀರು ಸುರಿದರೆ ಬಿರುಕು ಬಿಡಬಹುದು. ಬ್ರೇಕ್ ಹಾಕದೆ ಓಡಿಸಿದಾಗ ಹಿಂದಿನ ಡ್ರಮ್ ಬೆಚ್ಚಗಿರಬೇಕು, ಅಷ್ಟೆ. ಎಡ ಬಲಗಳ ನಡುವೆ ಮೂವತ್ತು ಡಿಗ್ರಿಗಿಂತ ಹೆಚ್ಚು ವ್ಯತ್ಯಾಸವಿದ್ದರೆ ಬಿಸಿ ಕಡೆ ಏನೋ ಹಿಡಿದುಕೊಂಡಿದೆ.

ಚಕ್ರ ಹಿಡಿದುಕೊಂಡಿರುವಾಗಲೇ ಮುಂದಿನ ಪರೀಕ್ಷೆ ಮಾಡಬೇಕು. ರಾತ್ರಿಯಿಡೀ ತಣ್ಣಗಾದ ಮೇಲೆ ಬೆಳಿಗ್ಗೆ ನೋಡಿದರೆ ಚಕ್ರ ಸಲೀಸಾಗಿ ತಿರುಗಬಹುದು. ಎಷ್ಟೋ ಕಾರು ಗ್ಯಾರೇಜಿನಿಂದ ‘ಏನೂ ಇಲ್ಲ’ ಎನ್ನಿಸಿಕೊಂಡು ವಾಪಸಾಗುವುದು ಹೀಗೇ. ಗಟ್ಟಿ ನೆಲದ ಮೇಲೆ ನಿಲ್ಲಿಸಿ, ಒಂದನೇ ಗೇರ್ ಹಾಕಿ, ಮುಂದಿನ ಎರಡೂ ಚಕ್ರಕ್ಕೆ ಹಿಂದೆ ಮುಂದೆ ಕಲ್ಲು ಕೊಡಿ, ಹ್ಯಾಂಡ್‌ಬ್ರೇಕ್ ಇಳಿಸಿ. ಹಿಂಭಾಗ ಎತ್ತಿ ಸ್ಟ್ಯಾಂಡಿನ ಮೇಲೆ ಕೂರಿಸಿ. ಬರೀ ಜಾಕಿಯ ಮೇಲೆ ನಿಂತ ಕಾರಿನ ಅಡಿಗೆ ಕೈ ಹಾಕುವುದೂ ಬೇಡ. ಜೊತೆಗಾರರಿಂದ ಬ್ರೇಕ್ ಪೆಡಲ್ ಮೂರು ನಾಲ್ಕು ಸಲ ತುಳಿಸಿ, ಬಿಡಿಸಿ, ಚಕ್ರ ತಿರುಗಿಸಿ. ಸರಿಯಿದ್ದರೆ ಕೈಯಿಂದ ತಳ್ಳಿದಾಗ ಒಂದೆರಡು ಸುತ್ತು ಹೋಗುತ್ತದೆ. ಶೂ ಲಘುವಾಗಿ ಸವರುವ ಸದ್ದು ಇದ್ದರೆ ಚಿಂತೆಯಿಲ್ಲ. ತಳ್ಳಿದಷ್ಟೇ ಹೋಗಿ ನಿಂತರೆ ಬ್ರೇಕ್ ಹಿಡಿದಿದೆ.

ಈಗ ಮೊದಲು ಸಡಿಲಿಸಬೇಕಾದ್ದು ಹ್ಯಾಂಡ್‌ಬ್ರೇಕ್ ಲಿವರ್ ಬುಡದ ಅಡ್ಜಸ್ಟಿಂಗ್ ನಟ್. ಅದರ ತುದಿಯ ತನಕ ಬಿಡಿ. ಚಕ್ರ ಬಿಟ್ಟುಕೊಂಡರೆ ಕಳ್ಳ ಸಿಕ್ಕಂತೆ. ಬಿಟ್ಟುಕೊಳ್ಳದಿದ್ದರೂ ಚಕ್ರದ ಹಿಂಬದಿಗೆ ಕೈ ಹಾಕಿ, ಬ್ಯಾಕ್‌ಪ್ಲೇಟಿಗೆ (ಡ್ರಮ್ಮಿನ ಹಿಂಬದಿ ಮುಚ್ಚುವ ತಗಡಿಗೆ) ಹೋಗುವ ಕೇಬಲನ್ನು ಹಿಡಿದು ಎಳೆದು ಬಿಡಿ. ಬಿಟ್ಟೊಡನೆ ‘ಟಪ್’ ಎಂದು ಒಳಕ್ಕೆ ಹೋಗಬೇಕು. ಮೆತ್ತಗೆ ನಿಂತಲ್ಲೇ ನಿಂತರೆ ಕೇಬಲ್ ಸತ್ತಿದೆ. ಅದಕ್ಕೆ ಎಣ್ಣೆ ಬಿಟ್ಟು ಜೀವ ಕೊಡಿಸಿದರೆ ಒಂದು ಮಳೆಗಾಲವೂ ಬಾಳುವುದಿಲ್ಲ, ಹೊಸದು ಹಾಕಿಸಿ.

ಕೇಬಲಿನದು ಅಲ್ಲವೆಂದಾದರೆ ಎರಡನೆಯ ಪರೀಕ್ಷೆ. ಚಕ್ರದ ಹಿಂಬದಿಯಲ್ಲಿ ಬ್ರೇಕ್ ದ್ರವ ಹೊರಬಿಡಲು ಇರುವ ಬ್ಲೀಡ್ ನಿಪ್ಪಲ್‌ಗೆ ಪಾರದರ್ಶಕ ಟ್ಯೂಬ್ ಸಿಕ್ಕಿಸಿ ಇನ್ನೊಂದು ತುದಿ ಬಾಟಲಿಗೆ ಬಿಡಿ. ನಿಪ್ಪಲ್ ತುಕ್ಕು ಹಿಡಿದಿದ್ದರೆ ಹಿಂದಿನ ರಾತ್ರಿಯೇ ತುಕ್ಕು ಬಿಡಿಸುವ ಸ್ಪ್ರೇ ಹೊಡೆದಿಡಿ. ಒರಟಾಗಿ ತಿರುಗಿಸಿದರೆ ತುಂಡಾಗಿ, ಶೂಗಳನ್ನು ಹೊರಕ್ಕೆ ತಳ್ಳುವ ವೀಲ್ ಸಿಲಿಂಡರಿನ ಖರ್ಚು ತಾನಾಗಿ ಬರುತ್ತದೆ. ಕಾಲು ಸುತ್ತು ಬಿಡಿಸಿ. ದ್ರವ ಚಿಮ್ಮಿ ಚಕ್ರ ಸಡಿಲವಾದರೆ ಪೆಡಲ್ ಬಿಟ್ಟ ಮೇಲೂ ಪೈಪಿನಲ್ಲಿ ಒತ್ತಡ ಉಳಿದಿತ್ತು ಎಂದರ್ಥ. ಹಳೇ ಕಾರಿನಲ್ಲಿ ಇದಕ್ಕೆ ಮೊದಲ ಕಾರಣ ರಬ್ಬರ್ ಹೋಸ್. ಹೊರಗೆ ಕಪ್ಪಗೆ ಚೆನ್ನಾಗಿಯೇ ಕಾಣುತ್ತದೆ, ಒಳಗೋಡೆ ಉಬ್ಬಿ ದಾರಿ ಕಿರಿದಾಗಿರುತ್ತದೆ. ತುಳಿದಾಗ ಜೋರು ಒತ್ತಡ ದಾರಿ ಮಾಡಿಕೊಂಡು ಹೋಗುತ್ತದೆ. ಮರಳಿ ಬರಲು ಆ ಜೋರಿಲ್ಲ. ಖಾತ್ರಿಗೆ ನಿಪ್ಪಲ್ ಮುಚ್ಚಿ, ಪೆಡಲ್ ತುಳಿಸಿ ಬ್ರೇಕ್ ಮತ್ತೆ ಹಿಡಿಯುವಂತೆ ಮಾಡಿ, ಈ ಬಾರಿ ಹೋಸಿಗಿಂತ ಮುಂಚೆ, ಅಂದರೆ ಬಾಡಿಯ ಕಡೆಯ ಲೋಹದ ಪೈಪಿನ ಜೋಡಣೆಯನ್ನು ಸಡಿಲಿಸಿ. ಚಕ್ರ ಬಿಡದಿದ್ದರೆ ಹೋಸೇ ತಪ್ಪಿತಸ್ಥ. ಅಲ್ಲಿಯೇ ಬಿಟ್ಟುಕೊಂಡರೆ ಮಾತ್ರ ಮಾಸ್ಟರ್ ಸಿಲಿಂಡರಿನ ಕಡೆ ನೋಡಿ.

ಎರಡರಲ್ಲೂ ಚಕ್ರ ಬಿಡದಿದ್ದರೆ ಡ್ರಮ್ ತೆಗೆಯಲೇಬೇಕು. ಅನೇಕ ಪುಟ್ಟ ಕಾರುಗಳಲ್ಲಿ ಬೇರಿಂಗ್ ಡ್ರಮ್ಮಿನ ನಡುವೆಯೇ ಇರುವುದರಿಂದ ಇದು ಸುತ್ತಿಗೆ ಬೀಸುವ ಕೆಲಸವಲ್ಲ, ಎಳೆದು ತೆಗೆಯುವ ಪುಲ್ಲರ್ ಬೇಕು. ಒಳಗಿನ ಕಪ್ಪು ಧೂಳನ್ನು ಏರ್ ಹೊಡೆದು ಹಾರಿಸಲು ಬಿಡಬೇಡಿ; ಹಳೆಯ ಲೈನಿಂಗಿನಲ್ಲಿ ಆಸ್‌ಬೆಸ್ಟಾಸ್ ಇರಬಹುದು. ಬ್ರೇಕ್ ಕ್ಲೀನರಿನಿಂದಲೋ ಸೋಪಿನ ನೀರಿನಿಂದಲೋ ಒದ್ದೆ ಮಾಡಿ ತೊಳೆಯಲಿ.

ವೀಲ್ ಸಿಲಿಂಡರಿನ ಎರಡೂ ತುದಿಯ ರಬ್ಬರ್ ಟೋಪಿ ಎತ್ತಿ ನೋಡಿ. ಒಳಗೆ ಒದ್ದೆಯಿದ್ದರೆ ಸೋರುತ್ತಿದೆ. ಒಣಗಿದ್ದು ಕಂದು ಪುಡಿ ಕಂಡರೆ ಪಿಸ್ಟನ್ ತುಕ್ಕಿನಲ್ಲಿ ಕೂತಿದೆ. ಎರಡಕ್ಕೂ ಹೊಸ ಸಿಲಿಂಡರ್. ದ್ರವ ಹೀರಿದ ಶೂ ಎಷ್ಟು ಉಜ್ಜಿದರೂ ಪ್ರಯೋಜನವಿಲ್ಲ, ಅದನ್ನು ಎರಡೂ ಚಕ್ರಕ್ಕೆ ಸೇರಿಸಿ ಬದಲಿಸಬೇಕು. ರಿಟರ್ನ್ ಸ್ಪ್ರಿಂಗ್ ನೀಲಿ ಬಣ್ಣಕ್ಕೆ ತಿರುಗಿದ್ದರೆ ಬಿಸಿಗೆ ಅದರ ಬಿಗಿ ಹೋಗಿದೆ. ಕೊನೆಗೆ, ಹೆಚ್ಚಿನವರು ನೋಡದೇ ಬಿಡುವ ಜಾಗ: ಶೂಗಳ ಅಂಚು ಆನಿಕೊಂಡು ಜಾರುವ ಬ್ಯಾಕ್‌ಪ್ಲೇಟಿನ ಉಬ್ಬುಗಳು. ವರ್ಷಗಟ್ಟಲೆ ಶೂ ಉಜ್ಜಿ ಅಲ್ಲಿ ಉಗುರಿಗೆ ಸಿಗುವಂಥ ಗುಳಿ ಬಿದ್ದಿರುತ್ತದೆ. ಹೊರಗೆ ಸರಿದ ಶೂ ಆ ಗುಳಿಯಲ್ಲಿ ಸಿಕ್ಕಿ ಹಿಂದೆ ಬರುವುದಿಲ್ಲ. ಅರದಿಂದ ಸಮ ಮಾಡಿ, ಹೆಚ್ಚು ಬಿಸಿ ತಾಳುವ ಬ್ರೇಕ್ ಗ್ರೀಸನ್ನು ಬೆರಳಿಗೆ ಅಂಟುವಷ್ಟೇ ಸವರಬೇಕು. ಲೈನಿಂಗಿಗೆ ತಾಗಕೂಡದು. ಡ್ರಮ್ಮಿನ ಮೇಲೆಯೇ ಗರಿಷ್ಠ ಒಳವ್ಯಾಸವನ್ನು ಎರಕ ಹೊಯ್ದಿರುತ್ತಾರೆ. ಲೇತಿಗೆ ಕೊಟ್ಟರೂ ಆ ಅಳತೆ ಮೀರಬಾರದು.

ಜೋಡಿಸುವಾಗಿನ ಕ್ರಮವೇ ನಿಮ್ಮ ಕಾರಿನ ಮಟ್ಟಿಗೆ ಮುಖ್ಯ. ಹ್ಯಾಂಡ್‌ಬ್ರೇಕ್ ನಟ್ ಪೂರ್ತಿ ಸಡಿಲವಿರಲಿ. ಶೂ ಕೂರಿಸಿ, ಒಳಲಿವರ್ ತಡೆಗೆ ತಾಗಿದೆಯೇ ಎಂದು ಕಣ್ಣಾರೆ ನೋಡಿ. ಡ್ರಮ್ ಹಾಕಿದ ಮೇಲೆ ಪೆಡಲನ್ನು ಹತ್ತಿಪ್ಪತ್ತು ಸಲ ಗಟ್ಟಿಯಾಗಿ ತುಳಿದು ಬಿಡಿ. ಅಡ್ಜಸ್ಟರ್ ತಾನೇ ಅಂತರ ಹೊಂದಿಸಿಕೊಳ್ಳಲಿ. ಅದಾದ ಮೇಲೆ, ಎಲ್ಲಕ್ಕಿಂತ ಕೊನೆಗೆ, ನಟ್. ಲಿವರ್ ಎಳೆದಾಗ ಎಷ್ಟು ಕ್ಲಿಕ್ಕಿಗೆ ಹಿಡಿಯಬೇಕೆಂಬುದು ನಿಮ್ಮ ಕಾರಿನ ಕೈಪಿಡಿಯಲ್ಲಿದೆ; ಬಹುಪಾಲು ಪುಟ್ಟ ಕಾರುಗಳಲ್ಲಿ ಅದು 4ರಿಂದ 8ರ ಒಳಗೆ. ಎರಡೇ ಕ್ಲಿಕ್ಕಿಗೆ ಬಿಗಿಯಾದರೆ ಖುಷಿಪಡಬೇಡಿ, ಅತಿಯಾಗಿದೆ. ಲಿವರ್ ಇಳಿಸಿ ಎರಡೂ ಚಕ್ರ ತಿರುಗಿಸಿ ನೋಡಿ, ಮತ್ತೆ ಹದಿನೈದು ಕಿ.ಮೀ. ಓಡಿಸಿ ಬಿಸಿ ನೋಡಿ.

ಪ್ರಶ್ನೆ: ಐದು ಜನ, ಲಗೇಜು ಸಮೇತ ಚಾರ್ಮಾಡಿ ಇಳಿದೆವು. ಹಳೆಯ ಹ್ಯಾಚ್‌ಬ್ಯಾಕ್. ಅರ್ಧ ದಾರಿಗೆ ಹಿಂದಿನ ಎರಡೂ ಚಕ್ರದಿಂದ ವಾಸನೆ. ಕೆಳಗೆ ಬರುವಷ್ಟರಲ್ಲಿ ಪೆಡಲ್ ನೆಲಕ್ಕೆ ಹೋಗುತ್ತಿತ್ತು. ಮುಕ್ಕಾಲು ಗಂಟೆ ನಿಲ್ಲಿಸಿದ ಮೇಲೆ ಸರಿಹೋಯಿತು. ಬ್ರೇಕ್ ಆಯಿಲ್ ಬದಲಿಸಿದ ನೆನಪಿಲ್ಲ. ಇಳಿಜಾರಿನಲ್ಲಿ ಇದು ಸಹಜವೇ?
ಓದುಗರು, ಮಂಗಳೂರು

ಉತ್ತರ: ಸಹಜವಲ್ಲ. ತಾನಾಗಿ ಸರಿಹೋಯಿತೆಂದು ಮತ್ತೆ ಘಾಟಿ ಹತ್ತಬೇಡಿ. ಇಳಿಜಾರಿನಲ್ಲಿ ಕಾರಿನ ಭಾರ ಮುಂದಕ್ಕೆ ಬೀಳುತ್ತದೆ, ದುಡಿಯುವುದು ಹೆಚ್ಚಾಗಿ ಮುಂದಿನ ಡಿಸ್ಕ್; ಬಿಸಿಯೂ ಮುಂದೆಯೇ ಹೆಚ್ಚಿರಬೇಕು. ಹಿಂದಿನ ಎರಡೂ ಚಕ್ರ ಒಟ್ಟಿಗೆ ಸುಟ್ಟರೆ ಎರಡಕ್ಕೂ ಸಮಾನವಾಗಿರುವ ಒಂದೇ ವಸ್ತುವನ್ನು ಹಿಡಿಯಿರಿ, ಅಂದರೆ ಹ್ಯಾಂಡ್‌ಬ್ರೇಕ್. ಒಂದೋ ಕೇಬಲ್ ಅತಿ ಬಿಗಿ, ಇಲ್ಲವೇ ಲಿವರ್ ಒಂದು ಕ್ಲಿಕ್ ಮೇಲೆಯೇ ಉಳಿದಿತ್ತು. ಡ್ಯಾಶ್‌ಬೋರ್ಡಿನ ಕೆಂಪು ದೀಪ ಲಿವರ್ ಎಳೆದಾಗ ಹೊತ್ತುತ್ತದೆಯೇ ನೋಡಿ; ಬಲ್ಬ್ ಹೋಗಿದ್ದರೆ ಈ ಮರೆವು ಗೊತ್ತೇ ಆಗುವುದಿಲ್ಲ.

ಪೆಡಲ್ ನೆಲಕ್ಕೆ ಹೋದದ್ದು ಬೇರೆಯೇ ಸಂಗತಿ, ಹೆಚ್ಚು ಅಪಾಯದ್ದು. ಪೆಡಲ್ ಗಟ್ಟಿಯಾಗಿದ್ದೂ ಕಾರು ನಿಲ್ಲದಿದ್ದರೆ ಲೈನಿಂಗ್ ಕಾದು ಹಿಡಿತ ಬಿಟ್ಟಿದೆ. ಪೆಡಲ್ ಮೆತ್ತಗಾಗಿ ಇಳಿದರೆ ಬ್ರೇಕ್ ದ್ರವ ಕುದಿದು ಆವಿಯ ಗುಳ್ಳೆ ಎದ್ದಿದೆ. ಆವಿಯನ್ನು ಎಷ್ಟು ಒತ್ತಿದರೂ ಅದು ಕುಗ್ಗುತ್ತದೆಯೇ ಹೊರತು ಪಿಸ್ಟನ್ನನ್ನು ತಳ್ಳುವುದಿಲ್ಲ. ತಣ್ಣಗಾದಾಗ ಆವಿ ಮತ್ತೆ ದ್ರವವಾಗುತ್ತದೆ, ಎಲ್ಲ ಸರಿಯಾದಂತೆ ಕಾಣುತ್ತದೆ.

ಈ ದ್ರವ ಗಾಳಿಯ ತೇವವನ್ನು ಹೀರುವ ಜಾತಿಯದು. ಡಾಟ್ 3 ದರ್ಜೆಯದು ಹೊಸತರಲ್ಲಿ ಕನಿಷ್ಠ 205 ಡಿಗ್ರಿ ಸೆಲ್ಸಿಯಸ್ ತನಕ ಕುದಿಯಬಾರದು. ನೀರು ಹೀರಿದ ಸ್ಥಿತಿಗೆ ಇರುವ ಕನಿಷ್ಠ ಮಿತಿ 140 ಮಾತ್ರ. ಡಾಟ್ 4ಕ್ಕೆ ಇವು 230 ಮತ್ತು 155. ಕರಾವಳಿಯ ಗಾಳಿಯಲ್ಲಿ ಎರಡು ವರ್ಷಕ್ಕೊಮ್ಮೆ ಪೂರ್ತಿ ಬದಲಿಸಿ. ಪುಟ್ಟ ಕಾರಿಗೆ ಒಂದು ಲೀಟರ್ ಕೈಲಿದ್ದರೆ ನಾಲ್ಕೂ ಚಕ್ರದಲ್ಲಿ ಹೊಸ ದ್ರವ ಬರುವ ತನಕ ಹರಿಸಲು ಸಾಕು. ಸೀಲ್ ಒಡೆದು ವರ್ಷ ಕಳೆದ ಡಬ್ಬಿಯದು ಬೇಡ. ಡಾಟ್ 3 ಇದ್ದಲ್ಲಿ ಡಾಟ್ 4 ಹಾಕಬಹುದು. ಸಿಲಿಕೋನಿನ ಡಾಟ್ 5 ಹಾಕಬಾರದು. ಪೇಂಟಿನ ಮೇಲೆ ಚೆಲ್ಲಿದರೆ ಆ ಕ್ಷಣವೇ ನೀರು ಹಾಕಿ ತೊಳೆಯಿರಿ.

ಇಳಿಯುವಾಗ ಎರಡನೇ ಗೇರ್. ತಿರುವು ಕಡಿದಾದಲ್ಲಿ ಒಂದನೆಯದು. ಒಂದೇ ಸಮನೆ ಪೆಡಲ್ ಮೇಲೆ ಕಾಲಿಡುವ ಬದಲು ಗಟ್ಟಿಯಾಗಿ ಒತ್ತಿ ವೇಗ ಇಳಿಸಿ, ಪೂರ್ತಿ ಬಿಡಿ. ಕೆಳಗೆ ಬಂದು ನಿಲ್ಲಿಸಿದಾಗ ಹ್ಯಾಂಡ್‌ಬ್ರೇಕ್ ಎಳೆಯಬೇಡಿ: ಕಾದು ಹಿಗ್ಗಿದ ಡ್ರಮ್ ತಣ್ಣಗಾಗುತ್ತಾ ಕುಗ್ಗಿ ಶೂವನ್ನು ಕಚ್ಚಿಕೊಳ್ಳುತ್ತದೆ. ಗೇರಿನಲ್ಲಿ ನಿಲ್ಲಿಸಿ, ಕಲ್ಲು ಕೊಡಿ.

ಪ್ರಶ್ನೆ: ಬ್ರೇಕ್ ಆಯಿಲ್ ಕಮ್ಮಿಯಾಗಿತ್ತೆಂದು ಮನೆಯಲ್ಲಿದ್ದ ಪವರ್ ಸ್ಟೀರಿಂಗ್ ಆಯಿಲ್ ಅರ್ಧ ಕಪ್ ಹಾಕಿಬಿಟ್ಟಿದ್ದಾರೆ. ವಾರ ಕಳೆದು ನಾಲ್ಕೂ ಚಕ್ರ ಬಿಸಿ, ಕಾರು ಮುಂದೆ ಹೋಗಲು ಒದ್ದಾಡುತ್ತದೆ.
ಓದುಗರು, ಹುಬ್ಬಳ್ಳಿ

ಉತ್ತರ: ಎಲ್ಲರ ಬಾಯಲ್ಲೂ ಅದು ‘ಬ್ರೇಕ್ ಆಯಿಲ್’. ಆದರೆ ಅದು ಎಣ್ಣೆಯೇ ಅಲ್ಲ, ಗ್ಲೈಕಾಲ್. ನಿಜವಾದ ಎಣ್ಣೆ ಬಿದ್ದರೆ ಬ್ರೇಕಿನ ರಬ್ಬರ್ ಊದಿಕೊಳ್ಳುತ್ತದೆ. ಮಾಸ್ಟರ್ ಸಿಲಿಂಡರಿನ ವಾಶರ್ ಊದಿ, ದ್ರವ ಟ್ಯಾಂಕಿಗೆ ಮರಳುವ ಸೂಜಿಮೊನೆಯಷ್ಟು ಸಣ್ಣ ರಂಧ್ರವನ್ನು ಮುಚ್ಚಿದಾಗ ನಾಲ್ಕೂ ಚಕ್ರ ಹಿಡಿದುಕೊಳ್ಳುತ್ತದೆ. ಗಾಜಿನ ಲೋಟದಲ್ಲಿ ಅರ್ಧ ನೀರು ಹಾಕಿ, ಟ್ಯಾಂಕಿನ ದ್ರವವನ್ನು ಒಂದು ಚಮಚ ಬಿಟ್ಟು ಕಲಕಿ. ಬ್ರೇಕ್ ದ್ರವ ನೀರಿನಲ್ಲಿ ಬೆರೆತು ಹೋಗುತ್ತದೆ. ಮೇಲೆ ಎಣ್ಣೆಯ ಪದರ ತೇಲಿದರೆ ಖಾತ್ರಿ. ಟ್ಯಾಂಕಿನ ಮುಚ್ಚಳದೊಳಗಿನ ರಬ್ಬರ್ ಸಹ ಅಳತೆ ಮೀರಿ ಬೆಳೆದಿರುತ್ತದೆ.

ಆ ಕಾರನ್ನು ಓಡಿಸಬೇಡಿ. ದ್ರವ ಬದಲಿಸಿದ ಮಾತ್ರಕ್ಕೆ ಊದಿದ ರಬ್ಬರ್ ಇಳಿಯುವುದಿಲ್ಲ. ಮಾಸ್ಟರ್ ಸಿಲಿಂಡರ್, ವೀಲ್ ಸಿಲಿಂಡರ್, ಕ್ಯಾಲಿಪರ್ ಸೀಲ್, ಎಲ್ಲ ಹೋಸ್, ಟ್ಯಾಂಕಿನ ರಬ್ಬರ್, ಇವಿಷ್ಟನ್ನೂ ಬದಲಿಸಿ ಲೋಹದ ಪೈಪುಗಳನ್ನು ತೊಳೆಯಬೇಕು. ಇದರಲ್ಲಿ ಉಳಿತಾಯದ ದಾರಿಯಿಲ್ಲ.

ಲೋಟದಲ್ಲಿ ಎಣ್ಣೆ ಕಾಣಲಿಲ್ಲವೋ, ಆಗ ಪೆಡಲಿನ ಒತ್ತನ್ನು ಹೆಚ್ಚಿಸುವ ಬೂಸ್ಟರಿಗೆ ಮಾಸ್ಟರ್ ಸಿಲಿಂಡರನ್ನು ಹಿಡಿದಿರುವ ಎರಡು ನಟ್ಟುಗಳನ್ನು ಮೂರು ನಾಲ್ಕು ಮಿ.ಮೀ. ಸಡಿಲಿಸಿ ಮುಂದಕ್ಕೆ ಎಳೆಯಿರಿ. ಚಕ್ರ ಬಿಟ್ಟುಕೊಂಡರೆ ಆ ಒತ್ತನ್ನು ಸಿಲಿಂಡರಿಗೆ ಮುಟ್ಟಿಸುವ ಪುಶ್‌ರಾಡ್ ಉದ್ದವಾಗಿದೆ, ಅಥವಾ ಬ್ರೇಕ್ ಲೈಟಿನ ಸ್ವಿಚ್ ಪೆಡಲನ್ನು ಪೂರ್ತಿ ಮೇಲೆ ಬರಲು ಬಿಡುತ್ತಿಲ್ಲ. ಪೆಡಲಿನ ಫ್ರೀ ಪ್ಲೇ (ಒತ್ತಡ ಹುಟ್ಟುವ ಮುನ್ನ ಪೆಡಲ್ ಸುಮ್ಮನೆ ಚಲಿಸುವ ಅಂತರ) ಸರಿಪಡಿಸಿದರೆ ಮುಗಿಯಿತು. ನೋಡಿದ ಮೇಲೆ ನಟ್ಟುಗಳನ್ನು ಮತ್ತೆ ಬಿಗಿ ಮಾಡುವುದು ಮರೆಯದಿರಲಿ.

ಪ್ರಶ್ನೆ: ಮಳೆಗಾಲದಲ್ಲಿ ಮೂರು ವಾರ ಕಾರು ಅಂಗಳದಲ್ಲೇ ನಿಂತಿತ್ತು. ಹ್ಯಾಂಡ್‌ಬ್ರೇಕ್ ಇಳಿಸಿದರೂ ಹಿಂಚಕ್ರ ಅಲುಗುತ್ತಿಲ್ಲ.
ಓದುಗರು, ಕಾರ್ಕಳ

ಉತ್ತರ: ಶೂ ಡ್ರಮ್ಮಿಗೆ ತುಕ್ಕಿನಿಂದ ಅಂಟಿದೆ. ಒಂದನೇ ಗೇರ್, ರಿವರ್ಸ್ ಹೀಗೆ ಮೆಲ್ಲಗೆ ಹಿಂದೆ ಮುಂದೆ ತೂಗಿ. ‘ಟಕ್’ ಎಂದು ಬಿಡುವುದುಂಟು. ಬಿಡದಿದ್ದರೆ ಚಕ್ರ ಕಳಚಿ, ಡ್ರಮ್ಮಿನ ಮುಖದ ಮೇಲೆ ಬೋಲ್ಟುಗಳ ನಡುವೆ ಮರದ ತುಂಡಿಟ್ಟು ಸುತ್ತಿಗೆಯಿಂದ ತಟ್ಟಿ. ಅಂಚಿಗೆ ಹೊಡೆದರೆ ಒಡೆಯುತ್ತದೆ. ಚಕ್ರ ಉಜ್ಜಿಕೊಂಡೇ ಎಳೆದೊಯ್ದರೆ ಲೈನಿಂಗ್ ಶೂನಿಂದ ಕಿತ್ತು ಬಂದು ಡ್ರಮ್ಮಿನೊಳಗೆ ಸಿಕ್ಕಿಕೊಳ್ಳಬಹುದು. ಬಿಟ್ಟ ಮೇಲೆ ಖಾಲಿ ರಸ್ತೆಯಲ್ಲಿ ನಾಲ್ಕೈದು ಸಲ ಬ್ರೇಕ್ ಹಾಕಿ ತುಕ್ಕು ಉಜ್ಜಿ ಹೋಗಲಿ, ಆಮೇಲೆ ಬಿಸಿ ನೋಡಿ.

ಪ್ರಶ್ನೆ: ಅಂಬಾಸಿಡರ್ ಕಾರಿನ ಹಿಂದಿನ ಬಲ ಡ್ರಮ್ಮಿನೊಳಗೆ ಜಿಡ್ಡು. ವೀಲ್ ಸಿಲಿಂಡರ್ ಬದಲಿಸಿದರೂ ಮತ್ತೆ ಅದೇ. ಬ್ರೇಕ್ ಒಮ್ಮೆಲೇ ಕಚ್ಚುತ್ತದೆ.
ಓದುಗರು, ಬಳ್ಳಾರಿ

ಉತ್ತರ: ಆ ಜಿಡ್ಡನ್ನು ಬೆರಳಿಗೆ ಹಚ್ಚಿ ಮೂಸಿ, ನೀರಿನಲ್ಲಿ ತೊಳೆಯಿರಿ. ನೀರಿಗೆ ಹೋಗದೆ ಗಂಧಕದ ಕಮಟು ವಾಸನೆ ಬಂದರೆ ಅದು ಹಿಂದಿನ ಆಕ್ಸಲಿನ ಗೇರ್ ಆಯಿಲ್. ಆಯಿಲ್ ಸೀಲ್ ಹೋಗಿದೆ. ಹೊಸ ಸೀಲ್ ಹಾಕುವ ಮುನ್ನ ಆಕ್ಸಲ್ ಕೇಸಿಂಗಿನ ಮೇಲಿರುವ ಬ್ರೀದರ್ ತೆಗೆದು ಸ್ವಚ್ಛ ಮಾಡಿಸಿ. ಅದು ಮಣ್ಣಿನಿಂದ ಮುಚ್ಚಿದ್ದರೆ ಒಳಗೆ ಬಿಸಿಗಾಳಿಯ ಒತ್ತಡ ಏರಿ ಎಣ್ಣೆಯನ್ನು ಸೀಲಿನಾಚೆ ನೂಕುತ್ತದೆ. ಎಷ್ಟು ಸೀಲ್ ಬದಲಿಸಿದರೂ ಸೋರುತ್ತಲೇ ಇರುತ್ತದೆ. ಎಣ್ಣೆ ಫಿಲ್ಲರ್ ರಂಧ್ರದ ಕೆಳ ಅಂಚಿನ ಮಟ್ಟಕ್ಕೆ ಮಾತ್ರ ಇರಲಿ.